ಕೊನೆಯ ಕೆಂಪು ಎಲ್‌ಇಡಿ

ಕೆಂಪು ಎಲ್‌ಇಡಿ ಒಂದು ಕ್ಷಣ ಝಗ್ಗನೆ ಹೊಳೆಯಿತು. ಆಮೇಲೆ 'ಟಪ್' ಎಂದು ಆರಿಹೋಯಿತು. ಸುಟ್ಟ ವಾಸನೆ ಮೂಗಿಗೆ ಬಡಿಯಿತು.

"ಅಯ್ಯೋ, ಇದೂ ಹೋಯ್ತು!" ಪದ್ಮಶ್ರೀ ತಲೆಯ ಮೇಲೆ ಕೈ ಹೊತ್ತು ಕುಳಿತಳು.

ಕೆ.ಆರ್. ಪುರದ ಅವಳ ಮನೆಯ ಹಾಲ್ ತುಂಬ ಟಿನ್ ಫ್ಯಾಕ್ಟರಿ ಜಂಕ್ಷನ್ ಹರಡಿಕೊಂಡಿತ್ತು. ಥರ್ಮಾಕೋಲಿನ ರಸ್ತೆ, ಬೆಂಕಿಪೊಟ್ಟಣದ ಬಸ್ಸು, ಐಸ್‌ಕ್ರೀಮ್ ಕಡ್ಡಿಯ ಮೆಟ್ರೊ ಸೇತುವೆ. ನಡುವೆ ಒಂದು ಸಿಗ್ನಲ್ ಕಂಬ. ಬಟನ್ ಒತ್ತಿದರೆ ಅದರ ಮೇಲೆ ಕೆಂಪು ದೀಪ ಹತ್ತಬೇಕು. ನಾಳೆ ಬೆಳಿಗ್ಗೆಯೇ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ದೀಪ ಮಾತ್ರ ಉಳಿಯುತ್ತಲೇ ಇಲ್ಲ.

"ಪ್ಯಾಕೆಟ್‌ನಲ್ಲಿ ಎಷ್ಟಿದೆ ನೋಡೋ," ಎಂದಳು ಪದ್ಮಶ್ರೀ.

ಅವಳ ಟೀಮಿನ ಕಿರಣಕುಮಾರ ಪ್ಯಾಕೆಟ್ ಕೊಡವಿದ. "ಒಂದೇ ಒಂದು! ಇದನ್ನ ಬೇಗ ಹಚ್ಚಿ ಬೇಗ ತೆಗೆದ್ಬಿಡೋಣ. ಆಗ ಸುಡಲ್ಲ."

"ಹೂಂ, ಕೊಡು."

ಅಷ್ಟರಲ್ಲಿ ಒಂದು ಕೈ ಅಡ್ಡ ಬಂತು. ಅಂಜಲಿಯದು. ಅವಳು ಎಲ್‌ಇಡಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡುಬಿಟ್ಟಳು.

"ತಡಿ. ಹಂಗ ಹಚ್ಚಬ್ಯಾಡ. ಇರೂದ ಒಂದು."

ಅಂಜಲಿ ಈ ವರ್ಷವೇ ಧಾರವಾಡದಿಂದ ಬಂದು ಏಳನೇ ಕ್ಲಾಸಿಗೆ ಸೇರಿದವಳು. ಯಮುನಾ ಮಿಸ್ ಅವಳನ್ನು ಇವರ ಟೀಮಿಗೆ ಹಾಕಿದಾಗ ಪದ್ಮಶ್ರೀಯ ಮುಖ ಸಣ್ಣದಾಗಿತ್ತು. ಏನು ಕೇಳಿದರೂ ಅಂಜಲಿ ತಕ್ಷಣ ಉತ್ತರ ಕೊಡುತ್ತಿರಲಿಲ್ಲ. ಅವಳು ಬಾಯಿ ತೆರೆಯುವ ಹೊತ್ತಿಗೆ ಮಿಸ್ ಮುಂದಿನ ಬೆಂಚಿಗೆ ಹೋಗಿರುತ್ತಿದ್ದರು.

"ನಿಂದು ಯಾವಾಗ್ಲೂ ಹಿಂಗೇ ಕಣೇ! ಟೈಮ್ ಇಲ್ಲ, ಕೊಡು ಇಲ್ಲಿ!" ಪದ್ಮಶ್ರೀಯ ದನಿ ಏರಿತು.

ಅಂಜಲಿಯ ಕಣ್ಣು ತುಂಬಿ ಬಂತು. ಆದರೆ ಮುಷ್ಟಿ ಬಿಚ್ಚಲಿಲ್ಲ.

"ಲೆಕ್ಕಾ ಮಾಡಿ ಹಚ್ಚೂಣು. ಆಮ್ಯಾಲೂ ಸುಟ್ಟರ ನನಗ ಬೈ."

ಅಡುಗೆಮನೆಯಿಂದ ಅಜ್ಜಿ ಅಕ್ಕಯಮ್ಮ ಇಣುಕಿ ನೋಡಿದರು. "ಏನ್ರೇ ಅದು ಜಗಳ? ಬನ್ನಿ, ಚುರುಮುರಿ ತಿನ್ನಿ." ಯಾರೂ ಏಳಲಿಲ್ಲ.

ಅಂಜಲಿ ಥರ್ಮಾಕೋಲಿನ ಚೂರೊಂದನ್ನು ಎಳೆದುಕೊಂಡು ಸ್ಕೆಚ್ ಪೆನ್ನಿನಿಂದ ಬರೆಯತೊಡಗಿದಳು.

"ಬ್ಯಾಟರಿ ಒಂಬತ್ತು ವೋಲ್ಟ್ ಐತಿ. ಪ್ಯಾಕೆಟ್ ಮ್ಯಾಲೆ ಏನ್ ಬರದಾರ ನೋಡು. ಎಲ್‌ಇಡಿಗೆ ಎರಡ ವೋಲ್ಟ್ ಸಾಕು. ಕರೆಂಟ್ 0.02 ಆಂಪ್ ದಾಟಬಾರದು. ನಾವು ಬ್ಯಾಟರಿಗೆ ಏನೂ ಅಡ್ಡ ಇಡದ ಹಚ್ಚೀವಿ."

"ಅಡ್ಡ ಇಡೋದು ಅಂದ್ರೆ?" ಕಿರಣ ಕೇಳಿದ.

ಅಂಜಲಿ ಬೆಂಕಿಪೊಟ್ಟಣದ ಬಸ್ಸುಗಳನ್ನೆಲ್ಲ ಒಂದು ಸಣ್ಣ ಗಲ್ಲಿಯ ಬಾಯಿಗೆ ತಳ್ಳಿದಳು. ಎರಡು ಬಸ್ಸು ಪಲ್ಟಿ ಹೊಡೆದವು. "ಎಲ್ಲಾ ಒಮ್ಮೆಲೇ ನುಗ್ಗಿದ್ರ ಹಿಂಗಾಗ್ತದ. ಸ್ವಲ್ಪ ಸ್ವಲ್ಪ ಬಿಡಾಕ ಒಬ್ಬ ಪೊಲೀಸ್ ಬೇಕಲ್ಲ? ಅದ ರೆಸಿಸ್ಟರ್."

ಶಾಲೆಯ ಕಿಟ್‌ನಲ್ಲಿ ಬಣ್ಣಬಣ್ಣದ ಗೆರೆಗಳ ಪುಟ್ಟ ರೆಸಿಸ್ಟರ್‌ಗಳಿದ್ದವು. ಅವು ಡೆಕೊರೇಷನ್ನಿಗೆ ಇರಬೇಕೆಂದು ಕಿರಣ ಅಲ್ಲಿಯವರೆಗೆ ನಂಬಿದ್ದ.

"ಎಂಥ ಪೊಲೀಸ್ ಬೇಕು ಅಂತ ಹೆಂಗ್ ಗೊತ್ತಾಗುತ್ತೆ?" ಎಂದಳು ಪದ್ಮಶ್ರೀ. ಅವಳ ದನಿ ಈಗ ಇಳಿದಿತ್ತು.

"ಒಂಬತ್ತರಾಗ ಎರಡು ಕಳೆದ್ರ ಏಳು ವೋಲ್ಟ್. ಅದನ್ನ ಕರೆಂಟಿನಿಂದ ಭಾಗಿಸಬೇಕು. ಏಳು ಭಾಗಿಸು 0.02..."

ಅಂಜಲಿಯ ಪೆನ್ನು ನಿಂತಿತು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಹೊರಗೆ ಓಲ್ಡ್ ಮದ್ರಾಸ್ ರೋಡಿನ ಹಾರನ್ ಕಿವಿಗೆ ಅಪ್ಪಳಿಸುತ್ತಿತ್ತು. ಅವಳಿಗೆ ಅದು ಕೇಳಿಸಿದಂತೆಯೇ ಇರಲಿಲ್ಲ.

"ಮುನ್ನೂರೈವತ್ತು ಓಮ್."

ಕಿಟ್ಟನ್ನೆಲ್ಲ ತಡಕಾಡಿದರು. ಮುನ್ನೂರೈವತ್ತರದು ಸಿಗಲಿಲ್ಲ. ಒಂದು ಪಟ್ಟಿಯ ಮೇಲೆ 330 ಎಂದಿತ್ತು, ಇನ್ನೊಂದರ ಮೇಲೆ 470.

"330 ಹಾಕು, ಹತ್ರ ಇದೆಯಲ್ಲ!" ಎಂದ ಕಿರಣ.

"ಬ್ಯಾಡ. ಅದಕ್ಕ ಕರೆಂಟ್ 0.02 ದಾಟ್ತದ, ಒಂದೀಟು. 470 ಹಾಕಿದ್ರ ಸುಮಾರು 0.015. ಬೆಳಕು ಸ್ವಲ್ಪ ಕಡಿಮಿ ಆದ್ರೂ ದೀಪ ಉಳೀತದ."

ಪದ್ಮಶ್ರೀಗೆ ಇನ್ನೊಂದು ಅನುಮಾನ ಬಂತು. "ಈ ಪೊಲೀಸಪ್ಪನೇ ಬಿಸಿಯಾಗಿ ಸುಟ್ಟೋದ್ರೆ?"

ಅಂಜಲಿಯ ಮುಖ ಅರಳಿತು. "ಛಲೋ ಕೇಳಿದಿ ನೋಡು! ವೋಲ್ಟಿಗೆ ಕರೆಂಟ್ ಗುಣಿಸಿದ್ರ ಪವರ್. ಏಳು ಗುಣಿಸು 0.015... 0.105 ವ್ಯಾಟ್. ಇದು ಕಾಲು ವ್ಯಾಟ್ ತಡೀತದ, ಅಂದ್ರ 0.25. ಏನೂ ಆಗಂಗಿಲ್ಲ."

"ನಿಂಗೆ ಇದೆಲ್ಲ ಯಾರು ಹೇಳ್ಕೊಟ್ರು?" ಪದ್ಮಶ್ರೀ ಕೇಳಿದಳು.

"ನಮ್ಮವ್ವ ಆಫೀಸಿನಾಗ ಸರ್ಕ್ಯೂಟ್ ಬೋರ್ಡ್ ಟೆಸ್ಟ್ ಮಾಡ್ತಾಳ. ರವಿವಾರ ನಾನೂ ಬಾಜೂಕ್ ಕೂತು ಕೇಳ್ತೀನಿ. ಭಾಳ ಸಲ ತಪ್ಪತಾವ. ಮತ್ತ ಮಾಡ್ತೀನಿ."

ಅಂಜಲಿ ವೈರು ಸುತ್ತಿದಳು. ಆಮೇಲೆ ಬಟನ್ನನ್ನು ಪದ್ಮಶ್ರೀಯ ಕಡೆ ಸರಿಸಿದಳು. ಪದ್ಮಶ್ರೀ ಉಸಿರು ಬಿಗಿಹಿಡಿದು ಒತ್ತಿದಳು.

ದೀಪ ಹತ್ತಿತು. ಮೂವರೂ 'ಟಪ್' ಎನ್ನುವ ಸದ್ದಿಗೆ ಕಾದರು. ಸದ್ದು ಬರಲಿಲ್ಲ. ದಾಳಿಂಬೆ ಕಾಳಿನಂಥ ಬೆಳಕು ಕಂಬದ ತುದಿಯಲ್ಲಿ ಹಾಗೇ ನಿಂತಿತು. ಕಿರಣ "ಸೂಪರ್ ಗುರು!" ಎಂದು ಕೂಗಿಕೊಂಡು ಅಜ್ಜಿಯನ್ನು ಕರೆತರಲು ಓಡಿದ. ಪದ್ಮಶ್ರೀ ದೀಪ ನೋಡಲಿಲ್ಲ, ಅಂಜಲಿಯ ಬೆರಳುಗಳನ್ನು ನೋಡುತ್ತಿದ್ದಳು. ಅವಕ್ಕೆ ಸ್ಕೆಚ್ ಪೆನ್ನಿನ ಮಸಿ ಮೆತ್ತಿತ್ತು.

"ಸಾರಿ ಕಣೇ," ಎಂದಳು ಮೆಲ್ಲಗೆ.

ಮರುದಿನ ಜಂಕ್ಷನ್ ಸುತ್ತ ಮಕ್ಕಳ ಗುಂಪೋ ಗುಂಪು. ಯಮುನಾ ಮಿಸ್ ಬಗ್ಗಿ ದೀಪ ನೋಡಿದರು. "ಚೆನ್ನಾಗಿದೆ. ಇದರ ಜೊತೆ ಇನ್ನೊಂದು ಎಲ್‌ಇಡಿ ಇದೇ ಸಾಲಲ್ಲಿ ಹಾಕ್ಬೇಕು ಅಂದ್ರೆ, ಅಂಜಲಿ, ಯಾವ ರೆಸಿಸ್ಟರ್ ಬೇಕಾಗುತ್ತೆ?"

ಅಂಜಲಿ ಸಿಗ್ನಲ್ ಕಂಬವನ್ನೇ ನೋಡುತ್ತ ನಿಂತಳು. ಹಿಂದಿನಿಂದ ಯಾರೋ ಕಿಸಕ್ಕೆಂದರು. "ಅವಳಿಗೆ ಗೊತ್ತಿಲ್ಲ ಮಿಸ್, ನಾನ್ ಹೇಳ್ಲಾ?" ಎಂದ ಇನ್ನೊಬ್ಬ. ಮಿಸ್ ಅವನತ್ತ ತಿರುಗಿದರು.

ಅಂಜಲಿಯ ತುಟಿ ಅಲ್ಲಾಡುವುದು ಪದ್ಮಶ್ರೀಗೆ ಕಾಣಿಸಿತು. ಇಷ್ಟು ದಿನ ಕ್ಲಾಸಿನಲ್ಲಿ ಇವಳ ಪಕ್ಕದಲ್ಲೇ ಕೂತಿದ್ದೂ ತಾನು ಅದನ್ನು ನೋಡಿಯೇ ಇರಲಿಲ್ಲವಲ್ಲ! ಅವಳು ಒಂದು ಹೆಜ್ಜೆ ಮುಂದೆ ಬಂದು, ಗುಂಪಿಗೂ ಅಂಜಲಿಗೂ ನಡುವೆ ನಿಂತಳು.

"ಒಂದ್ನಿಮಿಷ ಇರಿ ಮಿಸ್," ಎಂದಳು. "ಅವಳು ಲೆಕ್ಕ ಮಾಡ್ತಿದಾಳೆ."