ಎಲ್ಡಾ ಕಣಿವೆಯ ಬಿದಿರುಕೋಲುಗಳು

"ಅಲ್ಲೇ ನಿಲ್ಲಿ! ಇನ್ನೊಂದು ಹೆಜ್ಜೆ ಇಟ್ರೆ ನೋಡಿ ಮತ್ತೆ!"

ಕೆಂಪು ಜಾಕೆಟ್‌ನವನು ಮಂಡಿಯವರೆಗೂ ಹಿಮದಲ್ಲಿ ಹೂತ ಕಾಲನ್ನು ಎತ್ತದೆ ಹಾಗೇ ನಿಂತುಬಿಟ್ಟ.

ಬ್ರಿಟಾಗೆ ಮೈಯೆಲ್ಲ ಉರಿಯುತ್ತಿತ್ತು. ಬೆಳಿಗ್ಗೆ ಒಬ್ಬಳೇ ಸ್ಕೀ ತೊಟ್ಟು, ಮೆತ್ತನೆ ಹಿಮ ಒತ್ತಿ ಒತ್ತಿ ಎಲ್ಡಾ ಕಣಿವೆಯಲ್ಲಿ ಮೇಲೆ ಹತ್ತಲು ಜಾಡು ಮಾಡಿದ್ದಳು. ಒಮ್ಮೆ ಜಾರಿ ಇಳಿದು, ಎರಡನೇ ಸಲ ಹತ್ತುವಾಗ ನೋಡಿದರೆ ಈ ಮಹಾಶಯ ಅದೇ ಜಾಡಿನಲ್ಲಿ ಬೂಟುಗಾಲಲ್ಲಿ ಇಳಿದು ಬರುತ್ತಿದ್ದಾನೆ, ಉದ್ದಕ್ಕೂ ಗುಂಡಿ! ನಮ್ಮ ಮೊಂಟಾನಾದ ಬೆಟ್ಟದ ಜನ ಪಕ್ಕದ ಮನೆಯವರು ಸೌದೆ ಕದ್ದರೂ ಕ್ಷಮಿಸಿಯಾರು, ಜಾಡು ಕೆಡಿಸುವುದನ್ನು ಮಾತ್ರ ಕ್ಷಮಿಸುವುದಿಲ್ಲ.

ಸಾಲದ್ದಕ್ಕೆ, ಅವನ ಜಾಕೆಟ್ ಮೇಲೆ ಸ್ಕೀ ರೆಸಾರ್ಟ್‌ನ ಗುರುತು. ಎಲ್ಲರಿಗೂ ಸೇರಿದ ಈ ಸರ್ಕಾರಿ ಕಾಡನ್ನು, ಜನರನ್ನು ತಂತಿಯಲ್ಲಿ ಬೆಟ್ಟಕ್ಕೇರಿಸುವ ಲಿಫ್ಟ್ ಹಾಕಿ ನುಂಗಲು ಹೊರಟ ಅದೇ ರೆಸಾರ್ಟ್.

"ನಿಮಗೆ ಆಚೆ ಬೆಟ್ಟ ಸಾಲ್ಲಿಲ್ವಾ? ನನ್ನ ಜಾಡೂ ಬೇಕಿತ್ತಾ?"

"ಬೂಟನ್ನ ಸ್ಕೀಗೆ ಹಿಡಿಸೋ ಕೊಂಡಿ ಮುರೀತು, ನಡ್ಕೊಂಡೇ ಇಳೀಬೇಕಾಯ್ತು. ತಪ್ಪಾಯ್ತು," ಅಂದ ಅವನು. "ರೆಸಾರ್ಟ್ ನಂದಾಗಿದ್ರೆ ಒಳ್ಳೆ ಸ್ಕೀನಾದ್ರೂ ತಗೊಳ್ತಿದ್ದೆ."

ಬ್ರಿಟಾಗೆ ನಗು ಬಂತು. ಛೆ, ಇವನೆದುರಿಗಾ... ಅಂತ ಮುಖ ತಿರುಗಿಸಿಕೊಂಡಳು.

ಅವನ ಹೆಸರು ಎಮೆಟ್. ರೆಸಾರ್ಟ್‌ನಲ್ಲಿ ರಕ್ಷಣಾದಳದವನಾಗಿ ಬಿದ್ದವರನ್ನು ಎತ್ತುವ, ಅಪಾಯವಿದ್ದ ಕಡೆ ಬಿದಿರುಕೋಲು ನೆಡುವ ಕೆಲಸ.

ಬ್ರಿಟಾ ಊರಿನ ಶಾಲಾ ಬಸ್ ಓಡಿಸುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಶುಕ್ರವಾರ ಮಕ್ಕಳನ್ನು ಇಳಿಸಿದರೆ ಸೋಮವಾರದವರೆಗೆ ಅವಳ ಬಾಯಿಂದ ಒಂದು ಮಾತೂ ಬರುತ್ತಿರಲಿಲ್ಲ. ಯಾರ ಹತ್ತಿರ ಆಡಬೇಕು? ಎಲ್ಡಾ ಕಣಿವೆ ಅಮ್ಮ ಅವಳಿಗೆ ಸ್ಕೀ ಕಲಿಸಿದ ಜಾಗ. ಅಲ್ಲಿ ಮಾತ್ರ ಸುಮ್ಮನಿರುವುದು ಅವಳಿಗೆ ನೋವಾಗುತ್ತಿರಲಿಲ್ಲ. ಅಲ್ಲಿಗೂ ಲಿಫ್ಟ್ ಬಂದುಬಿಟ್ಟರೆ?

ಮುಂದಿನ ವಾರ ಎಮೆಟ್ ಹೊಸ ಕೊಂಡಿ ಹಾಕಿಸಿಕೊಂಡು ಬಂದ. ಕೇಳದೆಯೇ ಮುಂದೆ ಹೋಗಿ ಜಾಡು ಮಾಡಿದ. ಅವನಿಗೆ ದಣಿವಾದಾಗ ಪಕ್ಕಕ್ಕೆ ಸರಿದ, ಇವಳು ಮುಂದಾದಳು. ಹೀಗೇ ಚಳಿಗಾಲ ಅರ್ಧ ಕಳೆಯಿತು. ಮಾತು ಕಡಿಮೆಯೇ. ಆದರೂ ಶನಿವಾರ ಬಂತೆಂದರೆ ಬ್ರಿಟಾ ಕನ್ನಡಿ ನೋಡಿಕೊಳ್ಳತೊಡಗಿದ್ದಳು! ಎಷ್ಟು ವರ್ಷಕ್ಕೆ...

ಆಮೇಲೊಂದು ಶನಿವಾರ ಅವನು ಬರಲಿಲ್ಲ. ಕಣಿವೆಯ ನಡುವೆ ಮಾತ್ರ ಬಿದಿರುಕೋಲುಗಳು ಸಾಲಾಗಿ ನಿಂತಿದ್ದವು.

ಲಿಫ್ಟ್ ಎಲ್ಲೆಲ್ಲಿ ಹೋಗಬೇಕು ಅಂತ ಗುರುತು!

ಅಂದರೆ ಇಷ್ಟು ದಿನ ನನ್ನ ಜೊತೆ ಬಂದದ್ದು ದಾರಿ ನೋಡಿಟ್ಟುಕೊಳ್ಳೋಕಾ? ನಾನೇ ಕೈಹಿಡಿದು ತೋರಿಸಿಬಿಟ್ಟೆನಾ ಅಮ್ಮಾ?

ಒಂದೊಂದನ್ನೂ ಕಿತ್ತಳು. ಎಲ್ಲವನ್ನೂ ಹೊತ್ತು ಹೋಗಿ ರೆಸಾರ್ಟ್‌ನ ರಕ್ಷಣಾದಳದ ಬಾಗಿಲೆದುರು ಎಸೆದಳು. ಅವನ ಕೈಗೇ ಕೊಡಿ ಅಂತ ಅಲ್ಲಿದ್ದವರಿಗೆ ಹೇಳಿ ಬಂದಳು. ಮನೆಗೆ ಬಂದವಳು ಬೂಟು ಬಿಚ್ಚದೆ ಅತ್ತಳು.

ಭಾನುವಾರ ಮತ್ತೆ ಹೋದಳು, ಹೋಗದೆ ಇರಲಾಗಲಿಲ್ಲ. ಕಣಿವೆಗೆ ಜಾರಿ ಇಳಿಯುವಾಗ ಎದುರಿಗೆ ಯಾರೋ ಎರಡೂ ಕೈ ಮೇಲೆತ್ತಿ ನಿಂತಿದ್ದರು.

ಎಮೆಟ್! ಹುಬ್ಬಿನ ಮೇಲೆಲ್ಲ ಹಿಮ ಕಟ್ಟಿತ್ತು, ತುಟಿ ನೀಲಿಯಾಗಿತ್ತು.

"ಈ ಕಡೆ ಬರ್ಬೇಡ. ಕೆಳಗೆ ಹಳ್ಳ ಹರಿದು ಹಿಮ ಟೊಳ್ಳಾಗಿದೆ. ಕಾಲಿಟ್ರೆ ಒಳಗೇ."

ಬ್ರಿಟಾ ನಿಂತಳು. "ಕೋಲು..."

"ಶುಕ್ರವಾರ ನಾನೇ ನೆಟ್ಟಿದ್ದು. ನೀನು ಒಬ್ಳೇ ಇಳೀತೀಯ ಅಂತ. ಅಪಾಯ ಅಂತ ಗೊತ್ತಾಗ್ಲಿ ಅಂತ ಅಡ್ಡಡ್ಡ ಕಟ್ಟಿದ್ದೆ, ಗಾಳಿಗೆ ಅಡ್ಡಕೋಲು ಬಿಚ್ಕೊಂಡಿರ್ಬೇಕು. ನಿನ್ನೆ ರಜೆ ಕೊಡ್ಲಿಲ್ಲ ಅವ್ರು."

"ಮತ್ತೆ ನೆಡೋದಲ್ವಾ?"

"ನೀನು ತಂದ್ಹಾಕಿದ ಕೋಲನ್ನೆಲ್ಲ ಬೀಗ ಹಾಕಿ ಇಟ್ಟಿದ್ದಾರೆ. ಕಂಪನಿ ಕೋಲು ಕಾಡಿಗ್ಯಾಕೆ ಹೋಯ್ತು ಅಂತ ಮೇಲಿನವರು ರೇಗಾಡಿದ್ರು. ಅದಕ್ಕೇ ನಾನೇ ಬಂದು ನಿಂತೆ."

ಅಯ್ಯೋ ದೇವರೇ... ಬ್ರಿಟಾ ಕೈಗವಸು ಬಿಚ್ಚಿ ಅವನ ಕೆನ್ನೆಗೆ ಅಂಗೈ ಒತ್ತಿದಳು.

ಇಳಿಯುವಾಗ ಅವಳು ಒಂದೇ ಮಾತು ಹೇಳಿದಳು. ಲಿಫ್ಟ್ ಬೇಕೋ ಬೇಡವೋ ಅಂತ ಊರಿನವರನ್ನು ಕೇಳಲು ಅರಣ್ಯ ಇಲಾಖೆ ಕರೆದಿದ್ದ ನಾಳೆಯ ಅಹವಾಲು ಸಭೆಗೆ ಅವನು ಬರಕೂಡದು. ರೆಸಾರ್ಟ್‌ನವರು ಕೆಲಸಗಾರರಿಗೆ ಮೊದಲೇ ತಾಕೀತು ಮಾಡಿದ್ದರು: ಬಾಯಿಬಿಟ್ಟರೆ ಮನೆಗೆ. ಅವನು ಸರಿ ಅನ್ನುವಂತೆ ತಲೆಯಾಡಿಸಿದ.

ಸೋಮವಾರ ಸಂಜೆ ಶಾಲೆಯ ಆಟದ ಹಾಲ್ ತುಂಬಿಹೋಗಿತ್ತು. ಅರಣ್ಯ ಇಲಾಖೆಯವರು ಮೇಜಿನ ಹಿಂದೆ ಕೂತಿದ್ದರು. ಮಾತಾಡುವವರು ಸಾಲಿನಲ್ಲಿ ನಿಲ್ಲಬೇಕು. ಬ್ರಿಟಾ ಹೋಗಿ ನಿಂತಳು. ಮಕ್ಕಳಿಗೆ ಕೂತ್ಕೊಳ್ರೋ ಅನ್ನುವುದು ಬಿಟ್ಟರೆ ಜನರೆದುರು ಅವಳು ಮಾತಾಡಿದವಳೇ ಅಲ್ಲ. ಇಷ್ಟೊಂದು ಜನರಲ್ಲಿ ತನ್ನವರು ಅಂತ ಒಬ್ಬರೂ ಇಲ್ಲವಲ್ಲ...

ಹಿಂದೆ ಯಾರೋ ಬಂದು ನಿಂತರು. ಕಣ್ಣಂಚಿಗೆ ಆ ಕೆಂಪು ಜಾಕೆಟ್ ಕಂಡಿತು.

"ಯಾಕೆ ಬಂದೆ? ನಿನ್ನ ಮ್ಯಾನೇಜರ್ ಇಲ್ಲೇ ನೋಡ್ತಿದ್ದಾನೆ."

"ನೋಡ್ಲಿ," ಅಂದ ಎಮೆಟ್.

"ಕೆಲಸ ಹೋಗುತ್ತೆ ಕಣೋ."

"ಗೊತ್ತು."

ಅವಳು ತಿರುಗಲಿಲ್ಲ. ತಿರುಗಿದರೆ ಅಳು ಬಂದುಬಿಡುತ್ತಿತ್ತು. "ಅಲ್ಲಿ ಹೋಗಿ ಏನು ಹೇಳ್ತೀಯ?"

"ಹೆಸರು ಹೇಳ್ತೀನಿ. ನಾನು ಪ್ರೀತಿಸೋ ಹುಡುಗಿಗೆ ಆ ಕಣಿವೆ ಒಂದೇ ಉಳಿದಿರೋದು, ಅದನ್ನ ಬಿಟ್ಬಿಡಿ ಅಂತೀನಿ."

"ಅದು ಸುಳ್ಳಾಗುತ್ತೆ," ಅಂದಳು ಮೆಲ್ಲಗೆ.

"ಯಾವುದು?"

"ಕಣಿವೆ ಒಂದೇ ಅನ್ನೋದು."

ಮೇಜಿನ ಹಿಂದಿನವರು ಅವಳ ಹೆಸರು ಕೂಗಿದರು. ಬ್ರಿಟಾ ಕಣ್ಣೊರೆಸಿಕೊಂಡು ಮೈಕ್‌ನ ಹತ್ತಿರ ನಡೆದಳು.