ನೀಲಿ ಕಲೆಗಳಿಲ್ಲದ ಮೈ

ಆ ಸೋಮವಾರ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ಮುಖಕ್ಕಿಂತ ಮೊದಲು ಅವಳ ಅಳು ಒಳಗೆ ಬಂತು.

"ನಮ್ಮಮ್ಮನ್ನ ಸಾಯಿಸಿಬಿಟ್ರು ಸಾರ್. ಆಸ್ಪತ್ರೆ ಐಸಿಯುನಲ್ಲಿದ್ರು, ನ್ಯುಮೋನಿಯಾ ವಾಸಿ ಆಗ್ತಾ ಇತ್ತು. ನಿನ್ನೆ ನನ್ನ ಹತ್ರ ಮಾತಾಡ್ತಾ ಆಡ್ತಾನೇ ಉಸಿರು ನಿಂತೋಯ್ತು. ಡಾಕ್ಟ್ರು ಬಾಗಿಲಲ್ಲಿ ಇಣುಕಿ ಹೋಗೋರು ಅಷ್ಟೆ. ನೋಡ್ಕೊಂಡಿದ್ದು ಅಂದ್ರೆ ಆ ಸಿಸ್ಟರ್ ಒಬ್ರೇ. ಹೆತ್ತ ಮಗಳ ಹಾಗೆ ದಿನಾ ಕಾಲು ನೀವೋರು."

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಆಯುಸ್ಸು ಭಗವಂತನ ಕೈಯಲ್ಲಿದೆ ಎಂದು ನಂಬಿದವರು ಅವರು. ನಡುವೆ ಬೇರೆ ಕೈ ಆಡಿತೇ ಎಂದು ನೋಡುವುದಷ್ಟೇ ತಮ್ಮ ಪಾಲಿನ ಕೆಲಸ ಎನ್ನುತ್ತಿದ್ದರು.

ಶವದ ಪಂಚನಾಮೆ ಮುಗಿದು, ಮಧ್ಯಾಹ್ನ ಶವಪರೀಕ್ಷೆಯಾಯಿತು.

"ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಆ ಗಡ್ಡೆ ಕಿತ್ಕೊಂಡು ಶ್ವಾಸಕೋಶದಲ್ಲಿ ಹೋಗಿ ಕೂತಿದೆ," ಎಂದರು ಶವಪರೀಕ್ಷೆಯ ವೈದ್ಯೆ. "ಅಲುಗಾಡದೆ ಮಲಗಿದವರಿಗೆ ಹೀಗಾಗುತ್ತೆ. ಅದಕ್ಕೇ ಐಸಿಯುನಲ್ಲಿ ದಿನಾ ಹೊಟ್ಟೆಯ ಚರ್ಮಕ್ಕೆ ರಕ್ತ ಹೆಪ್ಪುಗಟ್ಟದ ಹಾಗೆ ಇಂಜೆಕ್ಷನ್ ಕೊಡೋದು."

"ಕೊಟ್ಟಿದೀವಿ ಅಂತ ಆಸ್ಪತ್ರೆ ಚಾರ್ಟಲ್ಲಿ ಬರೆದಿದಾರೆ," ಎಂದರು ಇನ್ಸ್‌ಪೆಕ್ಟರ್.

"ಬರೀಲಿ. ಅದನ್ನ ಚುಚ್ಚಿದ ಕಡೆ ಸಾಮಾನ್ಯವಾಗಿ ನೀಲಿ ಕಲೆ ಏಳುತ್ತೆ. ಇಲ್ಲಿ ಸೂಜಿಯ ಗುರುತೂ ಇಲ್ಲ. ಎಡಗಾಲು ನೋಡಿ, ಹೇಗೆ ಊದಿದೆ."

ಮುಖ್ಯಪೇದೆ ಬಾಗಿ ನೋಡಿದ. ಮುದುಕಿಯ ಹೊಟ್ಟೆ ಹಸುಗೂಸಿನದರಂತೆ ನುಣುಪಾಗಿತ್ತು. "ಠಾಣೆ ಡೈರಿಗಿಂತ ಸತ್ತವರ ಮೈಯೇ ನಿಜ ಹೇಳುತ್ತೆ ಸಾರ್."

"ನಿನ್ನ ಡೈರಿಗಿಂತ ಅನ್ನು," ಎಂದರು ಇನ್ಸ್‌ಪೆಕ್ಟರ್. ಇಬ್ಬರಿಗೂ ನಗು ಬರಲಿಲ್ಲ.

ಸಂಜೆ ಐಸಿಯುಗೆ ಹೋದಾಗ ಮುದುಕಿಯ ಮಂಚದ ಮೇಲೆ ಆಗಲೇ ಹೊಸ ರೋಗಿ, ಒಬ್ಬ ಹುಡುಗ, ಮಲಗಿದ್ದ. ಅವನ ಬದಲು ಯಂತ್ರ ಉಸಿರಾಡುತ್ತಿತ್ತು. ಇಂಜೆಕ್ಷನ್ ಕೊಡುವ ಹೊಣೆ ಯಾರದೆಂದು ಇನ್ಸ್‌ಪೆಕ್ಟರ್ ಕೇಳಿದರು. ಡಾಕ್ಟರು ಆ ಸಿಸ್ಟರನ್ನೇ ತೋರಿಸಿದರು. "ಬಂಗಾರದಂಥ ಕೈ ಸಾರ್."

ಪಕ್ಕದ ಕೋಣೆಯಲ್ಲಿ, ಮಹಿಳಾ ಪೇದೆಯ ಎದುರು ವಿಚಾರಣೆ ನಡೆಯಿತು.

"ಇಂಜೆಕ್ಷನ್ ಕೊಟ್ರಾ?"

"ಇಲ್ಲ ಸಾರ್. ಸಿಂಕಿಗೆ ಚೆಲ್ಲಿದೆ."

"ಎಲ್ಲರದ್ದೂ?"

"ಅಯ್ಯೋ, ಇಲ್ಲ! ಆ ಮಂಚದ್ದು ಮಾತ್ರ." ಅವಳು ಬಲ ಮಣಿಕಟ್ಟನ್ನು ಸವರಿಕೊಂಡಳು. "ಹೋದ ವರ್ಷ ಅಲ್ಲಿ ಒಬ್ರು ಅಜ್ಜ ಇದ್ರು. ನಾನೇ ಇದೇ ಇಂಜೆಕ್ಷನ್ ಕೊಟ್ಟೆ. ಒಳಗೇ ರಕ್ತ ಸೋರಿ ತೀರ್ಕೊಂಡ್ರು. ನಿನ್ನ ತಪ್ಪಲ್ಲ ಅಂದ್ರು ಎಲ್ರೂ. ಆದ್ರೆ ಆ ಮಂಚದ ಹತ್ರ ಸೂಜಿ ಎತ್ತಿದ್ರೆ ಸಾಕು, ಅಜ್ಜ ಬಂದು ಕೈ ಹಿಡ್ಕೋತಾರೆ. ತಣ್ಣಗಿರುತ್ತೆ ಸಾರ್, ಅವರ ಕೈ."

"ಹೇಳಬಾರದಿತ್ತಾ?"

"ಹುಚ್ಚಿ ಅಂತಿದ್ರು. ಕೆಲಸ ಹೋಗೋದು. ಅದಕ್ಕೇ ಕಾಲು ನೀವ್ತಿದ್ದೆ, ರಕ್ತ ಓಡಾಡ್ಲಿ ಅಂತ."

"ಊದಿದ ಕಾಲನ್ನೂ?"

ಅವಳು ತಲೆ ತಗ್ಗಿಸಿದಳು. "ಊದಿದ್ದನ್ನ ನೀವಬಾರದು, ಗಡ್ಡೆ ಕಿತ್ಕೊಳ್ಳುತ್ತೆ. ನಂಗೆ ಗೊತ್ತಿತ್ತು. ನಿನ್ನೆ ಮಗಳು ಬರೋ ಹೊತ್ತಾಗಿತ್ತು. ಊತ ಇಳೀಲಿ, ಯಾರಿಗೂ ಕಾಣದೇ ಇರ್ಲಿ ಅಂತ ನೀವಿಬಿಟ್ಟೆ."

ಗೋಡೆಯಾಚೆ ಯಂತ್ರ ಉಸಿರು ಎಳೆಯಿತು, ಬಿಟ್ಟಿತು. ಇನ್ಸ್‌ಪೆಕ್ಟರ್ ಥಟ್ಟನೆ ಎದ್ದರು.

"ಈಗ ಅಲ್ಲಿ ಮಲಗಿರೋನಿಗೆ?"

ಅವಳು ಜೇಬಿನ ಮೇಲೆ ಕೈಯಿಟ್ಟಳು. ಡಾಕ್ಟರನ್ನು ಕರೆಸಿದರು.

ಬಂಧನದ ಕಾಗದಕ್ಕೆ ಅವಳು ಸಹಿ ಹಾಕಿದಳು. ಹಣದಾಸೆಯಿಲ್ಲ, ಹಗೆಯಿಲ್ಲ, ಮಣ್ಣಾದ ಒಬ್ಬನಿಗೆ ಹೆದರಿ, ಬದುಕಿದ್ದ ಒಬ್ಬಳನ್ನು ಮಣ್ಣಿಗೆ ಕಳಿಸಿದ್ದಳು. ಕೇಸಿನ ಕಡತದಲ್ಲಿ ಇನ್ಸ್‌ಪೆಕ್ಟರ್ 'ಕಾರಣ: ಭಯ' ಎಂದಷ್ಟೇ ಬರೆದರು.

ಮಹಿಳಾ ಪೇದೆ ತೋಳು ಹಿಡಿದಾಗ ಅವಳು "ಒಂದು ನಿಮಿಷ ಅಕ್ಕಾ" ಎಂದಳು. ಜೇಬಿಗೆ ಕೈ ಹಾಕಿ, ಸೀಲು ಒಡೆಯದ ಸಿರಿಂಜೊಂದನ್ನು ತೆಗೆದು ಡಾಕ್ಟರ ಅಂಗೈಯಲ್ಲಿಟ್ಟಳು.

"ಇವತ್ತಿನದು. ಆ ಹುಡುಗನದು."