ಕಂಟೇನರಿನೊಳಗೆ ಸೇರಿಹೋದ ಗುಟ್ಟು

"ಮೇಡಮ್, ಇದು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಓಡುತ್ತೆ. ಬೇರೆ ಎಲ್ಲಿಟ್ರೂ ಮಲಗಿಬಿಡುತ್ತೆ!"

ಅವನು ಆ ಆಫೀಸಿಗೆ ಬಂದ ಮೊದಲ ದಿನ, ಇಪ್ಪತ್ತು ಜನರ ಎದುರು, ಅವಳಿಗೆ ಹೇಳಿದ ಮೊಟ್ಟಮೊದಲ ಮಾತು ಇದು!

ಅವಳ ಕಿವಿ ಕೆಂಪಾಯಿತು. ಪ್ರಾಣಿಗಳ ಆಸ್ಪತ್ರೆಗಳಿಗಾಗಿ ನಾಲ್ಕು ವರ್ಷ ಕೂತು ಬರೆದ ಆ್ಯಪ್ ಅದು. ನಾಯಿಗೆ ಚುಚ್ಚುಮದ್ದು, ಬೆಕ್ಕಿಗೆ ಡಾಕ್ಟರ ಸಮಯ, ಸಾಕಿದವರಿಗೆ ನೆನಪಿಸುವ ಮೆಸೇಜು... ಎಲ್ಲವೂ ಅದರಲ್ಲೇ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಅವಳಿಗೂ ಅದರ ಮೇಲೆ ಅಷ್ಟೇ ಮುದ್ದು.

"ನೀವು ಬರೋಕೆ ಮುಂಚೆ ನಾಲ್ಕು ವರ್ಷ ಓಡಿದೆ ಸರ್."

"ಓಡಿದೆ. ಹೋದ ತಿಂಗಳು ಮೂರು ಸಲ ಬಿದ್ದೂ ಇದೆ. ಮೆಸೇಜ್ ಕಳಿಸೋ ಭಾಗ ಕೆಟ್ರೆ ಡಾಕ್ಟರ್ ಸಮಯ ಸಿಗೋದೂ ನಿಲ್ಲುತ್ತೆ. ಒಂದೊಂದು ಕೆಲಸನೂ ಬೇರೆ ಮಾಡಿ, ಅದಕ್ಕೆ ಬೇಕಾದ್ದೆಲ್ಲ ಜೊತೆಗಿಟ್ಟು, ಕಂಟೇನರ್ ಅನ್ನೋ ಒಂದೊಂದು ಸಾಫ್ಟ್‌ವೇರ್ ಡಬ್ಬಿಯಲ್ಲಿ ಕಟ್ಟೋಣ. ಆಗ ಎಲ್ಲಿಟ್ರೂ ಓಡುತ್ತೆ. ಒಂದು ಬಿದ್ರೂ ಉಳಿದವು ಓಡ್ತಾನೇ ಇರ್ತವೆ."

"ನೆಗಡಿ ಬಂತು ಅಂತ ಮೂಗನ್ನೇ ಕೊಯ್ಕೊಳ್ಳೋಣ ಅಂತೀರಾ?"

ಎಲ್ಲರೂ ನಕ್ಕರು. ಅವನೊಬ್ಬ ನಗಲಿಲ್ಲ. 'ಚೆನ್ನಾಗಿ ಬರೆದಿದ್ದೀರಿ' ಅಂತ ಒಂದು ಮಾತು ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು!

ಅಂದೇ ಅವನಿಗೆ ಹಾಗಲಕಾಯಿ ಎಂದು ಹೆಸರಿಟ್ಟಳು. ಪಕ್ಕದ ಸಾಲಿನ ಟೆಸ್ಟಿಂಗ್ ಅಕ್ಕ ಆ ಹೆಸರನ್ನು ಸಂಜೆಯೊಳಗೆ ಮಹಡಿಯೆಲ್ಲ ಹಂಚಿದಳು.

ಅವಳಿಗೊಂದು ಅಭ್ಯಾಸವಿತ್ತು. ಜಗಳವಾಡಿದರೆ ಕೆಲಸ ಕೆಡುತ್ತದೆ, ನುಂಗಿಕೊಂಡರೆ ಹೊಟ್ಟೆ ಕೆಡುತ್ತದೆ. ಅದಕ್ಕೇ ಸಿಟ್ಟು ಬಂದಾಗಲೆಲ್ಲ ಕೋಡ್ ಇಡುವ ಫೋಲ್ಡರಿನಲ್ಲೇ 'ನೋಟ್ಸ್' ಎಂಬ ಫೈಲು ತೆರೆದು ಬರೆದುಬಿಡುತ್ತಿದ್ದಳು. ಆ ದಿನ ಹಳೆಯದನ್ನೆಲ್ಲ ಅಳಿಸಿ ಹೊಸದಾಗಿ ಬರೆದದ್ದು ಇಷ್ಟು:

'ಹೊಸಬನಿಗೂ ಹಾಗಲಕಾಯಿಗೂ ಒಂದೇ ವ್ಯತ್ಯಾಸ.
ಹಾಗಲಕಾಯಿ ಬಾಯಿ ಮುಚ್ಚಿಕೊಂಡಿರುತ್ತದೆ.
ಇವನ ಪಕ್ಕ ಕೂರುವುದಕ್ಕಿಂತ ಪ್ರಿಂಟರ್ ಪಕ್ಕ ಕೂರುವುದು ವಾಸಿ.'

ಕೂರುವ ಜಾಗ ಮಾತ್ರ ಅವನ ಪಕ್ಕದಲ್ಲೇ ಸಿಕ್ಕಿತು!

ಮೂರು ತಿಂಗಳು ಇಬ್ಬರೂ ಸೇರಿ ಆ್ಯಪನ್ನು ಭಾಗ ಭಾಗವಾಗಿ ಬಿಡಿಸಿದರು. ಅವನು ಕಡಿಮೆ ಮಾತಿನವನು, ಆದರೆ ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಮುಖ ಸಿಂಡರಿಸುತ್ತಿರಲಿಲ್ಲ. ಒಂದು ಮಧ್ಯಾಹ್ನ ಮೆಸೇಜು ಕಳಿಸುವ ಕಂಟೇನರು ಧಡಕ್ಕನೆ ಬಿತ್ತು. ಅವಳು ಸ್ಕ್ರೀನಿನತ್ತ ಬಾಗಿದಳು. ಡಾಕ್ಟರ ಸಮಯ ಕೊಡುವುದು ನಿಲ್ಲಲಿಲ್ಲ! ಚುಚ್ಚುಮದ್ದಿನ ಪಟ್ಟಿಯೂ ನಿಲ್ಲಲಿಲ್ಲ! ಬಿದ್ದದ್ದು ಅರ್ಧ ನಿಮಿಷದಲ್ಲಿ ತಾನೇ ಎದ್ದು ಓಡತೊಡಗಿತು.

"ಅಯ್ಯೋ, ಬದುಕಿದೆ!" ಎಂದು ಅವಳು ಕುರ್ಚಿಯಿಂದ ಎದ್ದು ಕುಣಿದಳು.

"ಬರೆದವರು ಅಚ್ಚುಕಟ್ಟಾಗಿ ಬರೆದಿದ್ರು. ಅದಕ್ಕೇ ಬಿಡಿಸೋದು ಸುಲಭ ಆಯ್ತು," ಎಂದ ಅವನು. ಆಮೇಲೆ ನಕ್ಕ.

ಕೆನ್ನೆಯಲ್ಲಿ ಗುಳಿ ಬಿತ್ತು. ಅವಳ ಕಥೆ ಅಲ್ಲಿಗೆ ಮುಗಿಯಿತು!

ನೋಟ್ಸ್ ಫೈಲು ದಿನದಿಂದ ದಿನಕ್ಕೆ ಉದ್ದವಾಯಿತು, ಬೈಗುಳ ಮಾತ್ರ ಕಡಿಮೆಯಾಯಿತು. ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಅಮ್ಮ, ಬಾಯಲ್ಲಿ ದಾರ ಕಚ್ಚಿಕೊಂಡೇ ಕೇಳಿದಳು, "ಮೂರು ತಿಂಗಳಿಂದ ಅವನದೇ ಮಾತಲ್ಲೇ! ಬೈಯೋಕಾದ್ರೂ ಬೇರೆ ಯಾರೂ ಸಿಗಲ್ವಾ ನಿಂಗೆ?"

ಆ ರಾತ್ರಿ ಬರೆದ ಸಾಲು ಹೀಗಿತ್ತು: 'ಹೌದು, ಅವನನ್ನು ಪ್ರೀತಿಸುತ್ತಿದ್ದೇನೆ.'

ಆಮೇಲೆ ಆಯಿತು ಎಡವಟ್ಟು.

ಕಂಟೇನರು ಕಟ್ಟುವಾಗ ಯಾವ ಫೈಲು ಒಳಗೆ ಹೋಗಬಾರದೆಂದು ಒಂದು ಪಟ್ಟಿ ಬರೆಯಬೇಕು. ಬರೆಯದಿದ್ದರೆ ಫೋಲ್ಡರಿನಲ್ಲಿ ಇದ್ದಬದ್ದದ್ದೆಲ್ಲ ಒಳಗೆ ಸೇರುತ್ತದೆ. ಕೊನೆಯ ಕಂಟೇನರು ಕಟ್ಟುವ ಅವಸರದಲ್ಲಿ ಅವಳು ಪಟ್ಟಿಯನ್ನೇ ಮರೆತಳು.

ಮರುದಿನ ಬೆಳಗ್ಗೆ ಅವನ ಮೆಸೇಜು: 'ನಿಮ್ಮ ಕಂಟೇನರಿನಲ್ಲಿ ನೋಟ್ಸ್ ಎಂಬ ಫೈಲು ಸೇರಿತ್ತು. ತೆಗೆದಿದ್ದೇನೆ.'

ಅವಳ ಜೀವ ಬಾಯಿಗೆ ಬಂತು! ಗಾಬರಿಯಲ್ಲಿ ತನ್ನ ಲ್ಯಾಪ್‌ಟಾಪಿನಿಂದಲೂ ಆ ಫೈಲನ್ನು ಅಳಿಸಿಹಾಕಿದಳು. ಅಷ್ಟರಲ್ಲಿ ಟೆಸ್ಟಿಂಗ್ ಅಕ್ಕ ಓಡಿಬಂದಳು.

"ವಿಷಯ ಗೊತ್ತೇನೇ? ಹಾಗಲಕಾಯಿ ಮೇಲಿನ ಮಹಡಿಗೆ ಹೋಗ್ತಾನಂತೆ! ಬೇರೆ ಟೀಮ್ ಕೊಡಿ ಅಂತ ಅವನೇ ಕೇಳಿಕೊಂಡನಂತೆ."

'ಓದಿಬಿಟ್ಟ... ಕೊನೆಯ ಸಾಲಿನವರೆಗೂ ಓದಿಬಿಟ್ಟ! ನನ್ನ ಪ್ರೀತಿಗೆ ಹೆದರಿ ಓಡಿಹೋಗುತ್ತಿದ್ದಾನೆ!'

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವನು ಡ್ರಾಯರ್ ಖಾಲಿ ಮಾಡುತ್ತಿದ್ದ. ಅವಳು ಎದುರು ಹೋಗಿ ನಿಂತಳು.

"ಓದಿದ್ರಾ?"

ಅವನು ತಲೆ ತಗ್ಗಿಸಿದ. "ಏನೋ ಸೆಟ್ಟಿಂಗ್ಸ್ ಇರಬೇಕು ಅಂತ ತೆರೆದೆ. ತಪ್ಪಾಯ್ತು."

"ಅದಕ್ಕೇ ಹೋಗ್ತಿದ್ದೀರಾ?"

"ಇನ್ನೇನು ಮಾಡ್ಲಿ? ನಿಮ್ಮ ಮನಸ್ಸು ಗೊತ್ತಾದ ಮೇಲೂ ಪಕ್ಕದಲ್ಲೇ ಕೂತ್ರೆ ಇಬ್ರಿಗೂ ಹಿಂಸೆ ಅಲ್ವಾ?"

"ಅಷ್ಟು ಹಿಂಸೆ ಆಯ್ತಾ ನಿಮಗೆ?"

"ಆಗದೆ ಇರುತ್ತಾ? ನಾನು ಏನೇನೋ ಆಸೆ ಇಟ್ಕೊಂಡಿದ್ದೆ. ನೀವು ನೋಡಿದ್ರೆ... ಪ್ರಿಂಟರ್ ಪಕ್ಕ ಕೂರೋದೇ ವಾಸಿ ಅಂದಿದ್ದೀರಿ."

ಪ್ರಿಂಟರ್?

"ಒಂದು ನಿಮಿಷ... ಎಷ್ಟು ಓದಿದ್ರಿ ನೀವು?"

"ಮೂರು ಸಾಲು. ಅದು ನಿಮ್ಮ ಸ್ವಂತದ್ದು ಅಂತ ಗೊತ್ತಾದ ಕೂಡ್ಲೇ ಮುಚ್ಚಿದೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಅಯ್ಯೋ ಪುಣ್ಯಾತ್ಮ! ಅದು ನೀವು ಬಂದ ದಿನ ಬರೆದದ್ದು! ಕೊನೇ ಸಾಲು ಓದ್ಬೇಕಿತ್ತು!"

"ಕೊನೇ ಸಾಲಲ್ಲಿ ಏನಿತ್ತು? ತೋರಿಸಿ."

"ಅಳಿಸಿಬಿಟ್ಟೆ."

"ನಾನೂ ಬುಡಸಮೇತ ಅಳಿಸಿದೀನಿ."

ಇನ್ನು ಬಾಯಲ್ಲೇ ಹೇಳಬೇಕು! ಬರೆಯುವಾಗ ಎಷ್ಟು ಸುಲಭವಾಗಿತ್ತು! ಹೇಳದಿದ್ದರೆ ಇವನು ಇನ್ನು ಹತ್ತು ನಿಮಿಷದಲ್ಲಿ ಮೆಟ್ಟಿಲು ಹತ್ತಿ ಹೋಗಿಬಿಡುತ್ತಾನೆ.

"ನೀವು ಒಂದು ದಿನ ರಜೆ ಹಾಕಿದ್ರೂ ನಂಗಿಲ್ಲಿ ಕೂರೋಕಾಗಲ್ಲ," ಎಂದಳು ನೆಲ ನೋಡುತ್ತ. ಆಮೇಲೆ ಧೈರ್ಯ ಮಾಡಿ ತಲೆಯೆತ್ತಿದಳು. "ನಿಮ್ಮನ್ನ ಪ್ರೀತಿಸ್ತಿದ್ದೀನಿ. ಅದೇ ಕೊನೇ ಸಾಲು."

ಅವನು ಡ್ರಾಯರನ್ನು ಮೆಲ್ಲಗೆ ಮುಚ್ಚಿದ.

"ನಂಗೆ ಬರೆಯೋ ಅಭ್ಯಾಸ ಇಲ್ಲ. ಇದ್ದಿದ್ರೆ ಮೊದಲನೇ ಸಾಲೇ ಅದಾಗಿರ್ತಿತ್ತು."

"ಮೊದಲ ದಿನದಿಂದಾನಾ? ಸುಳ್ಳು! ಅವತ್ತು ಎಲ್ಲರ ಮುಂದೆ ಹಾಗೆ ಬೈದ್ರಲ್ಲ?"

"ಬೈದದ್ದು ಆ್ಯಪ್‌ನ. ನಿಮ್ಮನ್ನಲ್ಲ."

ಅವಳು ಕಣ್ಣೊರೆಸಿಕೊಂಡು ನಕ್ಕುಬಿಟ್ಟಳು. "ಮೇಲಿನ ಮಹಡಿ ಕಥೆ ಏನು ಈಗ?"

"ಈಗಲೇ ಹೋಗಿ ಬೇಡ ಅಂತ ಹೇಳಿ ಬರ್ತೀನಿ."

"ನಿಲ್ಲಿ, ನಾನೂ ಬರ್ತೀನಿ. ನೀವು ಮಾತಾಡೋ ಚೆಂದಕ್ಕೆ ಇದ್ದ ಕೆಲಸನೂ ಹೋದೀತು!"

ಮೆಟ್ಟಿಲ ಬಳಿ ಅವನು ಅವಳ ಕೈ ಹಿಡಿದ.

"ಕೈ ಬಿಡಿ, ಅಕ್ಕ ನೋಡಿದ್ರೆ ಸಂಜೆಯೊಳಗೆ ಎಲ್ರಿಗೂ ಗೊತ್ತಾಗುತ್ತೆ."

"ಗೊತ್ತಾಗ್ಲಿ," ಎಂದ ಅವನು. "ನಂಗೂ ಎಲ್ರಿಗೂ ಹೇಳ್ಬೇಕು ಅನಿಸ್ತಿದೆ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ.